ಹಿಮೋಫಿಲಿಯಾ: ಬದುಕಿನ ಗುಣಮಟ್ಟ ನಿಂತಿರುವುದು ಕೀಲಿನ ಮೇಲೆ

ಹಿಮೋಫಿಲಿಯಾ, ಅಂದರೆ ಕುಸುಮ ರೋಗ, ಎಂದರೆ ಗಾಯವಾದಾಗ ರಕ್ತ ನಿಲ್ಲುವುದಿಲ್ಲ ಎಂದೇ ನಾವು ಮೊದಲು ಕಲಿಯುತ್ತೇವೆ. ಆದರೆ ಚರ್ಮ ತರಚಿದರೆ ಒತ್ತಿ ಹಿಡಿದಾಗ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ, ಗಾಯದ ಬಾಯಿ ಮುಚ್ಚುವ ಪ್ಲೇಟ್‌ಲೆಟ್ ಕಣಗಳು ಸರಿಯಾಗಿಯೇ ಇರುತ್ತವೆ. ಈ ರೋಗಿಗಳ ಓಡಾಟ, ಶಾಲೆ, ಕೆಲಸ, ನಿದ್ದೆ ಎಲ್ಲವನ್ನೂ ಕೆಡಿಸುವುದು ಮೊಣಕಾಲು, ಮೊಣಕೈ, ಪಾದದ ಕೀಲುಗಳ ಒಳಗೆ ಆಗುವ ರಕ್ತಸ್ರಾವ. ಕೊರತೆಯಾಗುವುದು ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್; ಅದರ ಮಟ್ಟ ಸಹಜದ ಶೇ 1ಕ್ಕಿಂತ ಕಡಿಮೆ ಇದ್ದರೆ ರೋಗ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ತೀವ್ರ ರೂಪದಲ್ಲಿ ಏಟು ಬೀಳದೆಯೂ ಕೀಲಿನಲ್ಲಿ ರಕ್ತ ತುಂಬುತ್ತದೆ.

ಕೀಲಿನೊಳಗೆ ಉಳಿದ ರಕ್ತದ ಕಬ್ಬಿಣಾಂಶವನ್ನು ಒಳಪೊರೆ ಹೀರಿಕೊಂಡು ಊದಿಕೊಳ್ಳುತ್ತದೆ. ಊದಿದ ಪೊರೆಯಲ್ಲಿ ಹೊಸ, ಬಲವಿಲ್ಲದ ರಕ್ತನಾಳಗಳು ಹುಟ್ಟುತ್ತವೆ. ಅವು ಮತ್ತೆ ಸುಲಭವಾಗಿ ಒಡೆಯುತ್ತವೆ. ಒಂದೇ ಕೀಲಿನಲ್ಲಿ 6 ತಿಂಗಳೊಳಗೆ 3 ಅಥವಾ ಹೆಚ್ಚು ಸಲ ತಾನಾಗಿಯೇ ಸ್ರಾವವಾದರೆ ಅದಕ್ಕೆ ‘ಟಾರ್ಗೆಟ್ ಜಾಯಿಂಟ್’ ಎನ್ನುತ್ತಾರೆ. ಮೃದ್ವಸ್ಥಿ, ಅಂದರೆ ಕೀಲಿನ ಮೂಳೆಗಳ ತುದಿಯ ನುಣುಪಾದ ಹೊದಿಕೆ, ಸವೆದುಹೋದ ಮೇಲೆ ಎಷ್ಟು ಫ್ಯಾಕ್ಟರ್ ಕೊಟ್ಟರೂ ಅದು ಮರಳಿ ಬರುವುದಿಲ್ಲ.

ಆದ್ದರಿಂದ ಮೊದಲ ಗಂಟೆಗಳೇ ಮುಖ್ಯ. ಊತ ಕಾಣುವ ಮೊದಲೇ ಕೀಲಿನಲ್ಲಿ ಜುಮ್ಮೆನ್ನುವುದು, ಬಿಗಿತ, ಬಿಸಿ ಶುರುವಾಗುತ್ತದೆ. ‘ಏನೋ ಆಗ್ತಿದೆ ಅಮ್ಮಾ’ ಎಂದು ಮಗು ಹೇಳಿದರೆ ನಂಬಬೇಕು, ಊದಲಿ ನೋಡೋಣ ಎಂದು ಕಾಯದೆ ಫ್ಯಾಕ್ಟರ್ ಕೊಡಿಸಬೇಕು.

ಎಷ್ಟು ಫ್ಯಾಕ್ಟರ್ ಬೇಕು ಎಂಬ ಲೆಕ್ಕ ಹೀಗೆ. ಹಿಮೋಫಿಲಿಯಾ ಎ ಇದ್ದವರಿಗೆ ಕೊರತೆ ಫ್ಯಾಕ್ಟರ್ 8ರದ್ದು, ಬಿ ಇದ್ದವರಿಗೆ 9ರದ್ದು. ದೇಹದ ತೂಕದ ಪ್ರತಿ ಕೆಜಿಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಸುಮಾರು ಶೇ 2 ಏರುತ್ತದೆ, ಫ್ಯಾಕ್ಟರ್ 9 ಆದರೆ ಸುಮಾರು ಶೇ 1. 40 ಕೆಜಿಯ ಹುಡುಗನಿಗೆ ಮಟ್ಟವನ್ನು ಶೇ 40 ಏರಿಸಬೇಕಿದ್ದರೆ ಫ್ಯಾಕ್ಟರ್ 8: 40 × 40 × 0.5 = 800 ಯೂನಿಟ್. ಫ್ಯಾಕ್ಟರ್ 9 ಆದರೆ 1,600. ಎಷ್ಟು ಏರಿಸಬೇಕು ಎಂಬುದು ವೈದ್ಯರ ನಿರ್ಧಾರ, ಆದರೆ ಈ ಗುಣಾಕಾರ ಮನೆಯವರಿಗೂ ಬಾಯಿಪಾಠ ಇರಬೇಕು.

ಫ್ಯಾಕ್ಟರನ್ನು ಮನೆಯಲ್ಲೇ ಚುಚ್ಚಿಕೊಳ್ಳುವವರು ತಪ್ಪುವುದು ಅದರ ಪುಡಿಗೆ ನೀರು ಬೆರೆಸುವಾಗ. ಫ್ರಿಜ್‌ನಿಂದ ತೆಗೆದ ಬಾಟಲಿಗಳು ಕೋಣೆಯ ಉಷ್ಣಾಂಶಕ್ಕೆ ಬರಲಿ. ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ನೀರು ಪುಡಿಯ ಮೇಲೆ ನೇರವಾಗಿ ಬೀಳದೆ ಬಾಟಲಿಯ ಗೋಡೆಗುಂಟ ಇಳಿಯಲಿ. ಕುಲುಕಬೇಡಿ, ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸಿ. ಕುಲುಕಿದರೆ ನೊರೆ ಬಂದು ಪ್ರೋಟೀನ್ ಕೆಡುತ್ತದೆ, ಬೆಲೆಬಾಳುವ ಔಷಧಿ ಹಾಳು.

ನಮ್ಮ ಕಡೆ ಹೆಚ್ಚು ಅನಾಹುತ ಮಾಡುವುದು ಪ್ರೀತಿಯಿಂದ ಮಾಡುವ ಆರೈಕೆ: ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ, ನಾಟಿ ವೈದ್ಯರಿಂದ ಎಳೆಸುವುದು. ಮೂರೂ ಸ್ರಾವ ಹೆಚ್ಚಿಸುತ್ತವೆ. ಫ್ಯಾಕ್ಟರ್ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಐಸ್, ವಿಶ್ರಾಂತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು ಸಾಕು. ನೋವಿಗೆ ಪ್ಯಾರಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ಪ್ಲೇಟ್‌ಲೆಟ್ ಕೆಲಸವನ್ನೂ ತಡೆಯುತ್ತವೆ. ಸೊಂಟಕ್ಕೆ, ತೋಳಿಗೆ ಹಾಕುವ ಸ್ನಾಯುವಿನ ಇಂಜೆಕ್ಷನ್ನೂ ಬೇಡ.

ನೋವು ಇಳಿದ ಮೇಲೂ ಕಾಲನ್ನು ಮಡಿಚಿಯೇ ಇಟ್ಟರೆ ತೊಡೆಯ ಸ್ನಾಯು ಕರಗುತ್ತದೆ, ಆಸರೆ ತಪ್ಪಿದ ಮೊಣಕಾಲು ಮತ್ತೆ ಸ್ರವಿಸುತ್ತದೆ. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲಿನಿಂದ ಅದನ್ನು 5 ಸೆಕೆಂಡ್ ಒತ್ತಿ ಬಿಡುವುದು, 10 ಸಲ. ಫಿಸಿಯೋಥೆರಪಿಸ್ಟ್ ಸರಿ ಎಂದ ಮೇಲೆ ಇದರಿಂದಲೇ ಶುರು ಮಾಡಬಹುದು. ಮುಂದೆ ಈಜು, ಸೈಕಲ್ ಒಳ್ಳೆಯದು, ಕಬಡ್ಡಿ ಅಲ್ಲ.

ಸ್ರಾವವಾದಾಗ ಮಾತ್ರ ಕೊಡುವುದಕ್ಕಿಂತ ನಿಯಮಿತವಾಗಿ ಮುಂಚೆಯೇ ಕೊಡುವ ಪ್ರೊಫಿಲ್ಯಾಕ್ಸಿಸ್ ಬದುಕನ್ನೇ ಬದಲಿಸುತ್ತದೆ. ಫ್ಯಾಕ್ಟರ್ 8 ದೇಹದಲ್ಲಿ 8ರಿಂದ 12 ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ ವಾರಕ್ಕೆ 2-3 ಸಲ ರಕ್ತನಾಳಕ್ಕೆ ಚುಚ್ಚಬೇಕು. ಫ್ಯಾಕ್ಟರ್ 8ರ ಕೆಲಸ ಮಾಡುವ ಎಮಿಸಿಜುಮ್ಯಾಬ್ ಎಂಬ ಔಷಧಿ ಚರ್ಮದಡಿಗೆ ಹಾಕುವಂಥದ್ದು. ಮೊದಲ 4 ವಾರದ ನಂತರ ವಾರಕ್ಕೆ, 2 ವಾರಕ್ಕೆ ಅಥವಾ 4 ವಾರಕ್ಕೊಮ್ಮೆ ಸಾಕು. ಆದರೆ ಅದು ಹಿಮೋಫಿಲಿಯಾ ಎ ಗೆ ಮಾತ್ರ. ಅದನ್ನು ಪಡೆಯುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಪರೀಕ್ಷೆ ಸಹಜವಾಗಿ ಕಂಡೀತು, ಆ ವರದಿ ನಂಬಿ ಶಸ್ತ್ರಚಿಕಿತ್ಸೆಗೆ ಇಳಿಯಬಾರದು.

ಬದುಕಿನ ಗುಣಮಟ್ಟ ಅಳೆಯುವುದು ಹೇಗೆ? ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ರೂಪುಗೊಂಡ, ರೋಗಿ ತನ್ನ ಕೆಲಸ ತಾನೇ ಎಷ್ಟು ಮಾಡಿಕೊಳ್ಳಬಲ್ಲ ಎಂದು ನೋಡುವ ‘ಫಿಶ್’ ಮಾಪನ ನಮಗೆ ಹೆಚ್ಚು ಒಗ್ಗುತ್ತದೆ. 8 ಚಟುವಟಿಕೆ, ಪ್ರತಿಯೊಂದಕ್ಕೂ 1ರಿಂದ 4, ಒಟ್ಟು 32. ಕುಕ್ಕರಗಾಲಲ್ಲಿ ಕೂತು ಏಳುವುದೂ ಅದರಲ್ಲಿದೆ. ನೆಲದ ಶೌಚಾಲಯ ಬಳಸುವವರಿಗೆ ಆ ಒಂದು ಸಾಲೇ ಎಷ್ಟೋ ಹೇಳುತ್ತದೆ. ರೋಗಿಯೇ ಬರೆದು ತುಂಬುವ ಪ್ರಶ್ನಾವಳಿಯ ಅಂಕವನ್ನಷ್ಟೇ ನೆಚ್ಚಬೇಡಿ. ಚಿಕ್ಕಂದಿನಿಂದ ಕುಂಟುತ್ತಿರುವವರು ‘ತೊಂದರೆ ಏನಿಲ್ಲ’ ಎಂದೇ ಬರೆಯಬಹುದು. ಮೆಟ್ಟಿಲು ಹತ್ತಿಸಿ ನೋಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಹಿಮೋಫಿಲಿಯಾವೂ ಸೇರಿದೆ. ನಮ್ಮಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಈ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದೆ.

ಕೊನೆಗೆ, ಈ ರೋಗದ ಟಿಪ್ಪಣಿಗಳಲ್ಲಿ ಸದಾ ಬಿಟ್ಟುಹೋಗುವ ಹೆಣ್ಣುಮಕ್ಕಳು. ಸುಮಾರು ಮೂರನೇ ಒಂದು ಭಾಗದ ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದಿಲ್ಲ, ತಾಯಿಯನ್ನು ದೂರುವುದು ಅನ್ಯಾಯ. ವಾಹಕರಾದ, ಅಂದರೆ ರೋಗದ ಜೀನ್ ಹೊತ್ತ, ತಾಯಿ, ಅಕ್ಕತಂಗಿಯರ ಫ್ಯಾಕ್ಟರ್ ಮಟ್ಟವೂ ಶೇ 40ಕ್ಕಿಂತ ಕೆಳಗಿರಬಹುದು. ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ ಎಂದು ಕೇಳಿ. ಹಲ್ಲು ಕೀಳಿಸುವ ಮೊದಲು, ಹೆರಿಗೆಗೆ ಮೊದಲು ಅವರ ಮಟ್ಟವನ್ನೂ ಪರೀಕ್ಷಿಸಬೇಕು.