ಮುಟ್ಟು ನಿಲ್ಲುವ ಹೊತ್ತಿನ ಸಿಟ್ಟು, ಅಳು: ವಯಸ್ಸಿನದ್ದಾ, ಖಿನ್ನತೆಯಾ?

ಪ್ರಶ್ನೆ: ನನಗೆ 46 ವರ್ಷ. ಊರು ಕುಂದಾಪುರದ ಕಡೆ, ಮದುವೆಯಾದ ಮೇಲೆ ಡೊಂಬಿವಲಿ. ಮುಂಬಯಿಯ ಫೋರ್ಟ್‌ನಲ್ಲಿ ಕೆಲಸ. ಒಂದು ವರ್ಷದಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಮಧ್ಯರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ. ಲೋಕಲ್‌ನಲ್ಲಿ ಯಾರಾದರೂ ತಾಗಿದರೆ ಕಿರುಚಿಬಿಡಬೇಕು ಅನ್ನಿಸುತ್ತದೆ, ಮನೆಗೆ ಬಂದರೆ ಸುಮ್ನೆ ಅಳು. ‘ಈ ವಯಸ್ಸಲ್ಲಿ ಎಲ್ಲರಿಗೂ ಇದ್ದದ್ದೇ’ ಅಂತಾರೆ ಅತ್ತೆ. ಮಗಳು ಹುಟ್ಟಿದಾಗಲೂ ಏಳೆಂಟು ತಿಂಗಳು ಹೀಗೇ ಮಂಕಾಗಿದ್ದೆ, ಅದು ಹಳೆ ಕಥೆ ಬಿಡಿ. ಇದು ವಯಸ್ಸಿನದ್ದಾ, ಖಿನ್ನತೆಯಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ‘ಹಳೆ ಕಥೆ ಬಿಡಿ’ ಅಂದಿರಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಮಾತೇ. ಡಾಕ್ಟರ ಹತ್ತಿರ ಹೋದಾಗ ಮೊದಲು ಹೇಳಬೇಕಾದದ್ದೂ ಅದನ್ನೇ.

ಯಾಕೆ ಅಂದರೆ, ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಮೆಲ್ಲಗೆ, ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಮೊದಲಿಗಿಂತ ಜಾಸ್ತಿ ಏರುತ್ತದೆ, ಇನ್ನೊಂದು ತಿಂಗಳು ಕುಸಿಯುತ್ತದೆ. ಮನಸ್ಸಿನ ಹದ ಕಾಯುವ ಸೆರೊಟೋನಿನ್‌ಗೂ ಈ ಹಾರ್ಮೋನಿಗೂ ನಂಟಿದೆ. ಎಷ್ಟೋ ಹೆಂಗಸರಿಗೆ ಈ ಏರಿಳಿತ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಜೋರಾಗಿ ತಟ್ಟುತ್ತದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್ ಧಡಕ್ಕನೆ ಬೀಳುತ್ತದೆ. ಆಗ ಖಿನ್ನತೆ ಬಂದವರಿಗೆ, ಅಥವಾ ಪ್ರತಿ ತಿಂಗಳು ಮುಟ್ಟಿಗೆ ಒಂದು ವಾರ ಮುಂಚೆ ತಡೆಯಲಾರದ ಸಿಟ್ಟು, ಹತಾಶೆ ಬಂದು, ಮುಟ್ಟಾದ ಮೇಲೆ ಇಳಿಯುತ್ತಿದ್ದವರಿಗೆ, ಈ ವಯಸ್ಸಿನಲ್ಲಿ ಮತ್ತೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಖಂಡಿತ ಆಗುತ್ತದೆ ಅಂತಲ್ಲ.

ಏಳೆಂಟು ತಿಂಗಳ ಮಂಕು ಬರೀ ಬಾಣಂತನದ ಸುಸ್ತಲ್ಲ. ಹೆರಿಗೆಯಾದ ಎರಡು ಮೂರನೇ ದಿನ ಬರುವ ಅಳು ಬಹಳ ಜನಕ್ಕೆ ಬರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕಿಂತ ಮುಂದೆ ಎಳೆದರೆ ಖಿನ್ನತೆ ಇರಬಹುದು ಅಂತ ನೋಡಲೇಬೇಕಿತ್ತು. ನಿಮ್ಮನ್ನು ಆಗ ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ. ನಮ್ಮ ಕಡೆ ಬಾಣಂತಿಯ ಎಣ್ಣೆ, ಬಿಸಿನೀರು, ಪಥ್ಯ ಎಲ್ಲ ನೋಡುತ್ತಾರೆ, ಮನಸ್ಸನ್ನು ನೋಡುವವರು ಕಡಿಮೆ. ಬಾಣಂತಿ ಸನ್ನಿ ಬೇರೆಯೇ. ಸಾವಿರ ಹೆರಿಗೆಗೆ ಒಂದೋ ಎರಡೋ. ಅಲ್ಲಿ ತಾಯಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಈಗ ನಿಮ್ಮ ಪ್ರಶ್ನೆ. ವಯಸ್ಸಿನದ್ದೂ ಇರಬಹುದು, ಖಿನ್ನತೆಯೂ ಇರಬಹುದು, ಎರಡೂ ಒಟ್ಟಿಗೆ ಇರಬಹುದು. ವಯಸ್ಸಿನಿಂದ ಬಂದದ್ದು ಅಂತಾದರೂ ಸಹಿಸಿಕೊಂಡೇ ಇರಬೇಕು ಅಂತ ಎಲ್ಲಿದೆ? ಅತ್ತೆಯವರ ಮಾತಿನಲ್ಲಿ ನನಗೆ ಒಪ್ಪಿಗೆಯಾಗದ್ದು ಅಷ್ಟೇ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸದಲ್ಲೂ ರುಚಿ ಹೋಗಿದ್ದರೆ, ಊಟ, ನಿದ್ದೆ, ಗಮನ ಕೆಟ್ಟಿದ್ದರೆ ಚಿಕಿತ್ಸೆ ಬೇಕು. ಸಾಯಬೇಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಹಾರ್ಮೋನ್ ಪ್ಯಾಕೇಜ್ ಅಂತ ಲ್ಯಾಬ್‌ನವರು ದುಬಾರಿ ಟೆಸ್ಟ್ ತೋರಿಸಿದರೆ ಒಮ್ಮೆ ಯೋಚಿಸಿ. 45 ದಾಟಿದವರಲ್ಲಿ ಲಕ್ಷಣ ಕೇಳಿಯೇ ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಇವತ್ತು ಬಂದ ಹಾರ್ಮೋನ್ ಲೆಕ್ಕ ಮುಂದಿನ ವಾರ ಬೇರೆ ಇರುತ್ತದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಮಾತ್ರ ನೋಡಿಸಿ. ಅವು ಏರುಪೇರಾದರೂ ಸುಸ್ತು, ಮಂಕು ಹೀಗೇ ಇರುತ್ತದೆ.

ಬೆವರು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮನಸ್ಸು ಕೆಡಿಸುತ್ತದೆ. ಹಾಗಾಗಿ ಬೆವರು ನಿಂತರೆ ಕೆಲವರಿಗೆ ಅರ್ಧ ಸಮಸ್ಯೆ ಕಳೆಯುತ್ತದೆ. ಇದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳೂ ಬೆವರನ್ನು ಇಳಿಸುತ್ತವೆ. ಅವು ಹಿಡಿಯಲು ಕೆಲವು ವಾರ ಬೇಕು, ಆರಾಮಾಯಿತು ಅಂತ ನೀವಾಗಿ ನಿಲ್ಲಿಸಬಾರದು. ಅವು ಚಟ ಹತ್ತಿಸುವ ಮಾತ್ರೆಗಳಲ್ಲ. ಚಟವಾಗುವ ಭಯ ಇರುವುದು ಆಲ್ಪ್ರಜೋಲಾಮ್‌ನಂಥ ಮಾತ್ರೆಗಳಿಂದ. ಪಕ್ಕದ ಮನೆಯವರು ‘ಇದೊಂದು ತಗೊಳ್ಳಿ, ನಿದ್ದೆ ಬರುತ್ತೆ’ ಅಂತ ಕೊಡುವುದು ಹೆಚ್ಚಾಗಿ ಅದನ್ನೇ!

ಎಲ್ಲಿ ಹೋಗುವುದು? ಸಾಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ, ಎರಡೂ ನಿಮ್ಮ ಸೆಂಟ್ರಲ್ ಲೈನಿನಲ್ಲೇ ಇವೆ. ಎರಡೂ ಪಾಲಿಕೆಯ ಆಸ್ಪತ್ರೆಗಳು, ಖರ್ಚು ಕಡಿಮೆ. ಸ್ತ್ರೀರೋಗ ವಿಭಾಗವೂ ಮಾನಸಿಕ ವಿಭಾಗವೂ ಒಂದೇ ಕಡೆ ಸಿಗುತ್ತವೆ. ಕ್ಯೂ ಉದ್ದ ಇರುತ್ತದೆ, ಬೇಗ ಹೋಗಿ. ತರಕಾರಿ ಕೊಳ್ಳಲು ಸಾಕಾಗುವ ಹಿಂದಿ, ಮರಾಠಿ ಇಂಥ ಮಾತಿಗೆ ಸಾಲುವುದಿಲ್ಲ ಅಲ್ವಾ? ಮುಟ್ಟಿನ ತಾರೀಕು, ನಿದ್ದೆ, ಮನಸ್ಸು ಹೇಗಿತ್ತು ಅಂತ ದಿನಾ ಒಂದು ಸಾಲು ಕನ್ನಡದಲ್ಲೇ ಬರೆದಿಡಿ. ಬಾಣಂತನದ ಕಥೆಯನ್ನೂ ಬರೆಯಿರಿ. ಮಗಳನ್ನು ಕರೆದುಕೊಂಡು ಹೋದರೆ ಅವಳೇ ಓದಿ ಮರಾಠಿಯಲ್ಲಿ ಹೇಳಬಹುದು. ಅವಳಿಗೂ ಇದು ಗೊತ್ತಿದ್ದರೆ ಒಳ್ಳೆಯದೇ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬೇಕು ಅಂತ ಕೇಳಿ.

ಕೆಲಸ ಬಿಡುವ ವಿಷಯ ಈಗ ಬೇಡ. ನಿದ್ದೆಗೆಟ್ಟ ಮನಸ್ಸಿಗೆ ಎಲ್ಲವೂ ಬಿಟ್ಟುಬಿಡುವಂತೆಯೇ ಕಾಣುತ್ತದೆ. ಚಿಕಿತ್ಸೆ ಶುರುವಾಗಿ ಎರಡು ಮೂರು ತಿಂಗಳು ಕಳೆಯಲಿ. ಅಲ್ಲಿಯವರೆಗೆ ಆಫೀಸಿನಲ್ಲಿ ಒಂದು ಗಂಟೆ ತಡವಾಗಿ ಬರಲು ಬಿಡುತ್ತಾರಾ ಕೇಳಿ ನೋಡಿ. ಜನ ಕಡಿಮೆ ಇರುವ ಲೋಕಲ್ ಸಿಕ್ಕಿದರೂ ಸಂಜೆಯ ಅಳು ಸ್ವಲ್ಪ ತಗ್ಗಬಹುದು. ಆಮೇಲೂ ಬಿಡಬೇಕು ಅನ್ನಿಸಿದರೆ, ಧಾರಾಳವಾಗಿ ಬಿಡಿ.