ಹಿತ್ತಲಲ್ಲಿ ಮಲಗಿದ ಜಿಂಕೆಮರಿ

ಜೂನ್ ತಿಂಗಳ ಬೆಳಿಗ್ಗೆ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆ. ಹಿತ್ತಲಿನ ಹೂಗಿಡದ ಬುಡದಲ್ಲಿ ಪುಟ್ಟ ಜಿಂಕೆಮರಿಯೊಂದು ಮುದುಡಿ ಮಲಗಿತ್ತು. ತಾಯಿ ಎಲ್ಲೂ ಕಾಣಲಿಲ್ಲ. ಊರಿಂದ ಹೋಗಿದ್ದ ಅಮ್ಮನಿಗೆ ಕರುಳು ಚುರುಕ್ಕೆಂದಿತು. “ಪಾಪ, ಒಂಚೂರು ಹಾಲಿಟ್ಟು ಬರ್ಲೇನೇ?” ಎಂದು ತಂಗಿಯನ್ನು ಕೇಳಿದರು.

ಹಾಲು ಬೇಡವೇ ಬೇಡ. ಹಸುವಿನ ಹಾಲು ಕುಡಿದರೆ ಮರಿಗೆ ಭೇದಿಯಾಗುತ್ತದೆ. ಅದು ತಬ್ಬಲಿಯೂ ಅಲ್ಲ, ತಾಯಿಯೇ ಅಲ್ಲಿ ಬಿಟ್ಟು ಹೋಗಿರುತ್ತಾಳೆ. ಹುಟ್ಟಿದ ಹೊಸದರಲ್ಲಿ ಮರಿಗೆ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಲುಗದೆ ಮಲಗುವುದೇ ಅದಕ್ಕಿರುವ ದಾರಿ. ಮೈಮೇಲಿನ ಬಿಳಿ ಚುಕ್ಕೆಗಳು ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಹಾಗೆ ಕಾಣುತ್ತವೆ. ಮೈವಾಸನೆಯೂ ತೀರಾ ಕಡಿಮೆ. ತಾಯಿಯ ವಾಸನೆ ಜಾಸ್ತಿ. ಅವಳು ಪಕ್ಕದಲ್ಲೇ ನಿಂತರೆ ಕಯೋಟಿಗಳಿಗೆ (ಅಲ್ಲಿನ ನರಿ-ತೋಳದಂಥ ಬೇಟೆಪ್ರಾಣಿ) ಸುಳಿವು ಸಿಗುತ್ತದೆ. ಅದಕ್ಕೇ ದೂರದಲ್ಲಿ ಮೇಯುತ್ತಾಳೆ, ದಿನಕ್ಕೆ ಕೆಲವೇ ಸಲ ಬಂದು ಹಾಲೂಡುತ್ತಾಳೆ. ಆಗ ಮರಿಯನ್ನು ನೆಕ್ಕಿ ನೆಕ್ಕಿ, ಅದರ ಉಚ್ಚೆ, ಹಿಕ್ಕೆಯನ್ನೂ ತಾನೇ ತಿಂದುಬಿಡುತ್ತಾಳೆ. ಅಲ್ಲೊಂದು ಮರಿ ಇದೆ ಎನ್ನುವ ಗುರುತೇ ಉಳಿಯುವುದಿಲ್ಲ.

ಇವು ಬಿಳಿಬಾಲದ ಜಿಂಕೆಗಳು. 1900ರ ಹೊತ್ತಿಗೆ ಬೇಟೆಯಿಂದಾಗಿ ಅಮೆರಿಕದಲ್ಲಿ ಕೆಲವೇ ಲಕ್ಷ ಉಳಿದಿದ್ದವು. ಈಗ ಸುಮಾರು 3 ಕೋಟಿ ಇವೆ. ಬೇಟೆಗೆ ಕಡಿವಾಣ ಬಿತ್ತು. ಪೂರ್ವದ ರಾಜ್ಯಗಳಲ್ಲಿ ತೋಳಗಳು ಅದಕ್ಕೂ ಮೊದಲೇ ಅಳಿದಿದ್ದವು. ಜೊತೆಗೆ ಈ ಜಿಂಕೆಗೆ ದಟ್ಟ ಕಾಡಿಗಿಂತ ಕಾಡಿನ ಅಂಚು ಇಷ್ಟ. ಒಂದಿಷ್ಟು ಮರ, ಒಂದಿಷ್ಟು ಹುಲ್ಲು, ನಡುವೆ ಗುಲಾಬಿ. ಅಮೆರಿಕದ ಬಡಾವಣೆ ಅಂದರೆ ಅದೇ ಅಲ್ವಾ?

ಚಳಿಗಾಲದಲ್ಲಿ ಕನಿಕರಪಟ್ಟು ಮುಸುಕಿನ ಜೋಳ ಸುರಿಯುವವರಿದ್ದಾರೆ. ಊರಲ್ಲಿ ಹಸು ಕಾಳಿನ ಮೂಟೆಗೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಒದ್ದಾಡುತ್ತದಲ್ಲ, ಜಿಂಕೆಯ ಪಾಡೂ ಹಾಗೇ. ಅದೂ ಮೆಲುಕು ಹಾಕುವ ಪ್ರಾಣಿ. ಮೇವನ್ನು ಅರಗಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಚಳಿಯಲ್ಲಿ ಅವು ಕಡ್ಡಿ, ಮೊಗ್ಗುಗಳಿಗೆ ಒಗ್ಗಿಕೊಂಡಿರುತ್ತವೆ. ಏಕಾಏಕಿ ರಾಶಿ ಜೋಳ ಬಿದ್ದರೆ ಪಿಷ್ಟ ಬೇಗ ಹುಳಿತು ಆಮ್ಲವಾಗುತ್ತದೆ, ಆ ಜೀವಿಗಳು ಸಾಯುತ್ತವೆ. ಎಷ್ಟೋ ಸಲ ಹೊಟ್ಟೆ ತುಂಬಿದ ಜಿಂಕೆಯೇ ಸತ್ತು ಬೀಳುತ್ತದೆ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ಜಿಂಕೆಗಳಿದ್ದಲ್ಲಿ ಉಣ್ಣಿ ಕಚ್ಚಿ ಬರುವ ಲೈಮ್ ರೋಗದ ಭಯವೂ ಸುಮ್ನೆ ಅಲ್ಲ. ಅದನ್ನು ಹರಡುವ ಉಣ್ಣಿಗಳು ದೊಡ್ಡವಾದ ಮೇಲೆ ಜಿಂಕೆಯ ರಕ್ತ ಹೀರುತ್ತವೆ. ಆದರೆ ರೋಗಾಣು ಉಣ್ಣಿಗೆ ಅಂಟುವುದು ಜಿಂಕೆಯಿಂದಲ್ಲ, ಹೆಚ್ಚಾಗಿ ಬಿಳಿಗಾಲಿನ ಇಲಿಯಿಂದ. ಸಾಮಾನ್ಯವಾಗಿ ಉಣ್ಣಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ರೋಗ ನಮಗೆ ದಾಟುತ್ತದೆ. ಹಿತ್ತಲಿಂದ ಬಂದ ಕೂಡಲೇ ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲ ಬುಡದಲ್ಲಿ ಹುಡುಕಿ ತೆಗೆಯಬೇಕು.

ತಂಗಿ ಆ ವಾರ ಹುಲ್ಲು ಕತ್ತರಿಸಲಿಲ್ಲ. ಪಕ್ಕದ ಮನೆಯವರಿಗೆ ಹೇಳಿ ನಾಯಿಯನ್ನು ಕಟ್ಟಿಸಿದಳು. ಅಮ್ಮ ಅಡುಗೆಮನೆ ಕಿಟಕಿ ಬಿಟ್ಟು ಕದಲಲಿಲ್ಲ. ಕತ್ತಲಾಗುವ ಹೊತ್ತಿಗೆ ಬೇಲಿಯ ಹತ್ತಿರ ಎರಡು ಕಿವಿ ಕಂಡವು.