"ಕುಡಿದಾಗ ಮಾತ್ರ ಹಂಗಂತಾರ್ರೀ": ಕುಡಿತ, ದುಡುಕು ಮತ್ತು ಆ ಕೆಲವು ನಿಮಿಷ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ಕಳೆದ ಬೇಸಿಗೆಯಲ್ಲಿ ಒಬ್ಬ ಅಕ್ಕನ ಜೊತೆ ಮಾತಾಡುತ್ತಾ ಕೂತಿದ್ದೆ. ಅವರು ಜರಡಿ ಹಿಡಿದು ಬಿಸಿ ಮಂಡಕ್ಕಿಯಿಂದ ಮರಳು ಉದುರಿಸುತ್ತಿದ್ದರು. ಗಂಡನ ಮಾತು ಬಂತು. "ಕುಡಿದಾಗ ಮಾತ್ರ ಸಾಯ್ತೀನಿ ಅಂತಾರ್ರೀ. ಬೆಳಗ್ಗೆ ಎದ್ರೆ ಏನೂ ನೆನಪಿರಲ್ಲ. ನಾನೂ ತಲೆಗೆ ಹಚ್ಕೊಳ್ಳಲ್ಲ" ಅಂದರು. ಇದೇ ಮಾತನ್ನು ಜಗಳೂರಲ್ಲೂ ಕೇಳಿದ್ದೇನೆ, ಚಳ್ಳಕೆರೆಯಲ್ಲೂ ಕೇಳಿದ್ದೇನೆ. "ಕುಡಿದಾಗ ಮಾತ್ರ" ಅನ್ನುವುದು ನಮಗೆ ಸಮಾಧಾನದ ಮಾತಾಗಿಬಿಟ್ಟಿದೆ. ಆದರೆ ಹೆದರಬೇಕಾದ್ದೇ ಆ ಹೊತ್ತಿಗೆ.

ವಿದ್ವಾಂಸರಿಗೂ ಇದು ಬೇಗ ಹೊಳೆಯಲಿಲ್ಲ. 1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಅಲ್ಲಿನ ಜಿಲ್ಲೆಗಳ ನಕ್ಷೆ ಹರಡಿಕೊಂಡು, ಮದ್ಯ ಜಾಸ್ತಿ ಖರ್ಚಾಗುವ ಕಡೆ ಆತ್ಮಹತ್ಯೆಯೇನೂ ಜಾಸ್ತಿ ಇಲ್ಲ, ಹಾಗಾಗಿ ಎರಡಕ್ಕೂ ನಂಟಿಲ್ಲ ಎಂದು ಬರೆದರು. ಅವರು ನೋಡಿದ್ದು ಜಿಲ್ಲೆಯ ಲೆಕ್ಕ. ಮನೆ ಮನೆಗೆ ಹೋಗಿ ಕೇಳುವ ಕೆಲಸ ಆಗಿದ್ದು 1950ರ ದಶಕದಲ್ಲಿ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಮನೋವೈದ್ಯ ಎಲಿ ರಾಬಿನ್ಸ್ ಮತ್ತು ಜೊತೆಗಾರರು 134 ಆತ್ಮಹತ್ಯೆಗಳನ್ನು ತೆಗೆದುಕೊಂಡು ಮನೆಯವರನ್ನು, ಗೆಳೆಯರನ್ನು ಮಾತಾಡಿಸಿದರು. ಸುಮಾರು ನಾಲ್ಕರಲ್ಲಿ ಒಬ್ಬರು ಕುಡಿತಕ್ಕೆ ಅಂಟಿಕೊಂಡಿದ್ದವರು. ಅದೇ ತಂಡದ ಜಾರ್ಜ್ ಮರ್ಫಿ ಇನ್ನೊಂದು ಗಮನಿಸಿದರು. ಆ ಕುಡಿಯುವವರಲ್ಲಿ ಸುಮಾರು ಮೂರರಲ್ಲೊಬ್ಬರು ಸಾವಿಗೆ ಮೊದಲಿನ ಆರು ವಾರಗಳೊಳಗೆ ಹತ್ತಿರದ ಒಬ್ಬರನ್ನು ಕಳೆದುಕೊಂಡಿದ್ದರು. ಹೆಂಡತಿ ಮನೆ ಬಿಟ್ಟು ಹೋಗಿದ್ದು, ಸಂಬಂಧ ಮುರಿದಿದ್ದು, ಇಂಥವು. ನಮ್ಮಲ್ಲಿ ಹೆಂಡತಿ ತವರಿಗೆ ಹೋದಾಗ "ಬುದ್ಧಿ ಬರಲಿ ಬಿಡು" ಅಂತ ಅವನನ್ನು ಒಬ್ಬನೇ ಬಿಟ್ಟುಬಿಡುತ್ತೇವಲ್ಲ, ಆಗೆಲ್ಲ ನನಗೆ ಈ ಆರು ವಾರ ನೆನಪಾಗುತ್ತದೆ. ಅವಳು ಹೋಗಿದ್ದು ತಪ್ಪಲ್ಲ. ಅವನ ಹತ್ತಿರ ಅಣ್ಣನೋ ತಮ್ಮನೋ ಯಾರಾದರೂ ಇರಬೇಕಿತ್ತು ಅಷ್ಟೇ.

ದುಡುಕಿನ ಕಥೆ ಇನ್ನೂ ತಡ. 1976ರಲ್ಲಿ ಸ್ವೀಡನ್ನಿನ ಮೇರಿ ಆಸ್‌ಬರ್ಗ್ ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವ ಪರೀಕ್ಷಿಸಿದರು. ಮೆದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕಕ್ಕೆ ಸೇರಿದ ಒಂದು ಅಂಶ ಕಡಿಮೆ ಇದ್ದವರಲ್ಲಿ ಜೀವ ತೆಗೆದುಕೊಳ್ಳುವ ಯತ್ನ ಜಾಸ್ತಿ ಕಂಡಿತು. 1983ರಲ್ಲಿ ಮಟ್ಟಿ ಲಿನೊಯ್ಲಾ ತಂಡಕ್ಕೆ, ಹಿಂದೆಮುಂದೆ ನೋಡದೆ ದುಡುಕಿ ಹಲ್ಲೆ ಮಾಡಿದವರಲ್ಲೂ ಅದೇ ಅಂಶ ಕಡಿಮೆ ಕಂಡಿತು. ದುಃಖ ಒಂದೇ ಅಲ್ಲ, ತಡೆಯುವ ಬ್ರೇಕು ಸಡಿಲ ಆಗುವುದೂ ಒಂದು ಕಾರಣ ಎಂಬ ಯೋಚನೆ ಹೀಗೆ ಗಟ್ಟಿಯಾಯಿತು. ಹೆಂಡ ಮಾಡುವುದೂ ಅದನ್ನೇ. ಮೆದುಳಿನ ಮುಂಭಾಗದ ಬ್ರೇಕು ಸಡಿಲಿಸುತ್ತದೆ, ನೋಟವನ್ನು ಕಿರಿದು ಮಾಡುತ್ತದೆ. ಈಗಿನ ಅವಮಾನ ದೊಡ್ಡದಾಗಿ ಕಾಣುತ್ತದೆ, ನಾಳೆ ಬೆಳಗ್ಗೆ ಕಾಣುವುದೇ ಇಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಸಾವಿನ ಅಂಚಿಗೆ ಹೋಗಿ ಉಳಿದ 153 ಯುವಜನರನ್ನು ಕೇಳಿದ ಅಧ್ಯಯನವೊಂದು 2001ರಲ್ಲಿ ಬಂತು. ನಿರ್ಧಾರಕ್ಕೂ ಯತ್ನಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಅಂದವರು 24%. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ" ಅಂತ ಅಜ್ಜಿ ಹೇಳುತ್ತಿದ್ದುದು ಇದನ್ನೇ ಅಲ್ವಾ?

ಒಂದು ಮಾತು ಸ್ಪಷ್ಟ ಇರಲಿ. ಕುಡಿಯುವವರೆಲ್ಲ ಹೀಗಾಗುವುದಿಲ್ಲ. ಕುಡಿತಕ್ಕೆ ಅಂಟಿಕೊಂಡವರಲ್ಲಿ 15% ಹೀಗೇ ಸಾಯುತ್ತಾರೆ ಎಂಬ ಹಳೇ ಅಂದಾಜನ್ನು 1998ರಲ್ಲಿ 7%ಕ್ಕೆ ಇಳಿಸಿದರು. 1988ರ ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯ. ಚಿಕಿತ್ಸೆಗೆ ಸೇರಿದ ದಿನ 42% ಗಂಡಸರಲ್ಲಿ ಗಾಢ ಖಿನ್ನತೆ ಇತ್ತು. ಕುಡಿಯದೆ ನಾಲ್ಕು ವಾರ ಕಳೆದ ಮೇಲೆ ಅದು 6%ಕ್ಕೆ ಇಳಿದಿತ್ತು. ಬಹಳ ಜನರಲ್ಲಿ ಆ ಕತ್ತಲನ್ನು ತಂದಿದ್ದು ಕುಡಿತವೇ. ಆದರೆ ವರ್ಷಗಟ್ಟಲೆ ಕುಡಿದವರು ಸುಮ್ನೆ ಒಂದೇ ದಿನ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕೈಕೆಳಗೇ ಬಿಡಿಸಬೇಕು.

ನಮ್ಮ ಕಡೆ ಇದರ ಚರ್ಚೆ ನಡೆದದ್ದೆಲ್ಲ ಅಂಗಡಿ ಮುಚ್ಚುವ ಸುತ್ತ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ನೈಂಟಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದಲೇ ಹೊರಟು, ಬೆಂಗಳೂರಿನವರೆಗೆ ನಡೆದುಕೊಂಡೇ ಹೋದರು. ಅವರ ಸಿಟ್ಟು ನ್ಯಾಯವಾದದ್ದು. ಚಿಕಿತ್ಸೆಯ ಮಾತು ಮಾತ್ರ ಅಷ್ಟು ಜೋರಾಗಿ ಕೇಳಲಿಲ್ಲ. ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲೇ ಹಳ್ಳಿ ಆಸ್ಪತ್ರೆಗಳ ಮೂಲಕ ಮನೋರೋಗಕ್ಕೆ ಮದ್ದು ಕೊಟ್ಟು ತೋರಿಸಿತ್ತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೂ ಪೊಲೀಸ್ ಕೇಸಿನ ಭಯಕ್ಕೆ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡವು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಇನ್ನೊಂದು ಮುಖ್ಯ ಸಂಗತಿ ಹೊಲದ್ದು. ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ದುಡುಕಿದ ಕೈಗೆ ವಿಷ ಸಿಗದಿದ್ದರೆ ಆ ನಿಮಿಷ ದಾಟಿಹೋಗುತ್ತದೆ.

ಇದನ್ನೆಲ್ಲ ಆ ಅಕ್ಕನಿಗೆ ನನಗೆ ತಿಳಿದಂತೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ನಂಬರು 14416, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ ಅಂತ ಮಗನ ಫೋನಿನಲ್ಲಿ ಸೇರಿಸಿ ಕೊಟ್ಟೆ. ಅವರು ಜರಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹೊಲಕ್ಕೆ ಹೊಡೆಯೋ ಔಷಧಿ ಡಬ್ಬಿ ಮನೇಲೇ ಐತಿ. ಇವತ್ತೇ ಮೈದುನನ ಮನೆಗೆ ಹಾಕಿ ಬರ್ತೀನಿ" ಅಂದು ಮಗನನ್ನು ಕೂಗಿದರು.